ಹಲ್ಲುಜ್ಜಿದ್ದಾಯ್ತು... ಸರಿಯಾಗಿ ಉಜ್ಜಿದ್ದಾಯ್ತಾ?

"ಹಲ್ಲುಜ್ಜುವುದನ್ನೂ ಹೇಳಿಕೊಡಬೇಕಾ?" ಅಂತ ನಗಬೇಡಿ. ಸಾರಿಗೆ ಒಗ್ಗರಣೆ ಹಾಕುವುದನ್ನು ಅಮ್ಮ ಪಕ್ಕದಲ್ಲಿ ನಿಲ್ಲಿಸಿಕೊಂಡು ಕಲಿಸಿರುತ್ತಾರೆ. ರಂಗೋಲಿಯ ಎಳೆ ಬಿಡುವುದನ್ನು ಅಜ್ಜಿ ಕೈ ಹಿಡಿದು ತೋರಿಸಿರುತ್ತಾರೆ. ಹಲ್ಲುಜ್ಜುವುದನ್ನು ಯಾರು ಕಲಿಸಿದರು? ಕೈಗೆ ಬ್ರಷ್ ಕೊಟ್ಟು "ಹೋಗು, ಬೇಗ ಉಜ್ಜಿಕೊಂಡು ಬಾ" ಅಂದದ್ದಷ್ಟೇ ನೆನಪು. ಆ 'ಬೇಗ' ಅನ್ನುವ ಮಾತು ಇವತ್ತಿಗೂ ನಮ್ಮನ್ನು ಬಿಟ್ಟಿಲ್ಲ.

ಅದರಲ್ಲೂ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯದ ಕಡೆ ಮನೆ ಮಾಡಿಕೊಂಡಿರುವ ನಿಮಗೆ ಬೆಳಗಿನ ಹೊತ್ತು ಹೇಗಿರುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ. ಒಬ್ಬರಿಗೆ ಕಂಪನಿ ಬಸ್ಸು, ಇನ್ನೊಬ್ಬರಿಗೆ ಸ್ಕೂಲ್ ವ್ಯಾನು, ಮತ್ತೊಬ್ಬರು ನೈಟ್ ಶಿಫ್ಟ್ ಮುಗಿಸಿ ಆಗ ತಾನೆ ಬಂದು ಮಲಗುವವರು. ಇರುವ ಒಂದೇ ಬಾತ್‌ರೂಮಿಗೆ ಮೂರು ಜನರ ಕ್ಯೂ! ಇದರ ಮಧ್ಯೆ ಬ್ರಷ್ ಬಾಯಿಯಲ್ಲಿ ಎಷ್ಟು ಹೊತ್ತು ಇರುತ್ತದೆ? ಒಂದು ಸಲ ಗಡಿಯಾರ ನೋಡಿಕೊಂಡು ಉಜ್ಜಿ ನೋಡಿ. ಮುಕ್ಕಾಲು ನಿಮಿಷ ದಾಟಿದ್ದರೆ ನೀವು ಪರವಾಗಿಲ್ಲ. ಆದರೆ ಬೇಕಿರುವುದು ಎರಡು ನಿಮಿಷ. ದಿನಕ್ಕೆ ಎರಡು ಸಲ.

ನೊರೆ ಬಂದರೆ ಸಾಲದು

ಹಲ್ಲಿನ ಮೇಲ್ಪದರಕ್ಕೆ ಎನಾಮಲ್ ಅನ್ನುತ್ತಾರೆ. ನಮ್ಮ ಇಡೀ ದೇಹದಲ್ಲಿ ಅದರಷ್ಟು ಗಟ್ಟಿ ವಸ್ತು ಬೇರೊಂದಿಲ್ಲ, ಮೂಳೆಗಿಂತಲೂ ಗಟ್ಟಿ. ಹಾಗಿದ್ದೂ ಅದು ಹುಳುಕಾಗುವುದೇಕೆ?

ಬೆಳಗ್ಗೆ ಎದ್ದಾಗ ನಾಲಿಗೆಯಿಂದ ಹಲ್ಲು ಸವರಿ ನೋಡಿ. ಜಿಗುಟು ಜಿಗುಟಾಗಿ ಏನೋ ತಗಲುತ್ತದಲ್ಲ, ಅದೇ ಪ್ಲೇಕ್. ಬ್ಯಾಕ್ಟೀರಿಯಾಗಳು ಹಲ್ಲಿನ ಮೇಲೆ ಕಟ್ಟಿಕೊಂಡ ಲೋಳೆಯ ಪದರ. ನಾವು ತಿಂದ ಸಕ್ಕರೆ, ಬಿಸ್ಕತ್ತು, ಬ್ರೆಡ್ಡಿನಂಥವೇ ಅವುಗಳಿಗೂ ಊಟ. ಉಂಡ ಮೇಲೆ ಅವು ಆಮ್ಲ ಬಿಡುತ್ತವೆ. ಸಿಹಿ ಬಾಯಿಗೆ ಬಿದ್ದ ಕೆಲವೇ ನಿಮಿಷದಲ್ಲಿ ಈ ಕೆಲಸ ಶುರು! ಆ ಆಮ್ಲದಲ್ಲಿ ಎನಾಮಲ್‌ನ ಸುಣ್ಣದಂಶ ಸ್ವಲ್ಪ ಸ್ವಲ್ಪವೇ ಕರಗುತ್ತದೆ. ನಮ್ಮ ಜೊಲ್ಲು ಅದನ್ನು ತೊಳೆದು, ಕಳೆದುಹೋದ ಸುಣ್ಣವನ್ನು ಮತ್ತೆ ತುಂಬಿಕೊಡಲು ಅರ್ಧ ಗಂಟೆಯಿಂದ ಒಂದು ಗಂಟೆ ಬೇಕು. ಅಷ್ಟರಲ್ಲಿ ಇನ್ನೊಂದು ಬಿಸ್ಕತ್ತು, ಇನ್ನೊಂದು ಕಾಫಿ ಒಳಗೆ ಹೋದರೆ ಜೊಲ್ಲು ತಾನೇ ಏನು ಮಾಡೀತು?

ಇದು ಹಲ್ಲಿನ ಕಥೆ. ವಸಡಿನ ಕಥೆ ಬೇರೆ. ಹಲ್ಲು ಮತ್ತು ವಸಡು ಸೇರುವ ಅಂಚಿನಲ್ಲಿ ಪ್ಲೇಕ್ ಉಳಿದುಬಿಟ್ಟರೆ ಕೆಲವೇ ದಿನಗಳಲ್ಲಿ ಅದು ಗಟ್ಟಿಯಾಗಿ ಕಿಟ್ಟವಾಗುತ್ತದೆ. ಕಿಟ್ಟ ಒಮ್ಮೆ ಕಟ್ಟಿತು ಅಂದರೆ ಎಷ್ಟು ಉಜ್ಜಿದರೂ ಹೋಗದು. ದಂತವೈದ್ಯರೇ ಕ್ಲೀನ್ ಮಾಡಬೇಕು. ವಸಡು ಕೆಂಪಾಗುತ್ತದೆ, ಊದುತ್ತದೆ, ಉಜ್ಜುವಾಗ ರಕ್ತ ಬರುತ್ತದೆ. ನೋವಿಲ್ಲವಲ್ಲ ಅಂತ ಸುಮ್ಮನಿದ್ದರೆ ಒಳಗಿನ ಮೂಳೆ ಕರಗಿ, ಒಂದು ದಿನ ಹುಳುಕೇ ಇಲ್ಲದ ಗಟ್ಟಿ ಹಲ್ಲು ಅಲ್ಲಾಡತೊಡಗುತ್ತದೆ.

ಅಂದರೆ ಹಲ್ಲುಜ್ಜುವುದರ ಗುರಿ ನೊರೆಯಲ್ಲ, ಬಾಯಿ ಘಮ್ಮೆನ್ನುವುದೂ ಅಲ್ಲ. ವಸಡಿನ ಅಂಚಿನಲ್ಲಿ ಕೂತ ಆ ಲೋಳೆಯನ್ನು ದಿನವೂ ಎಬ್ಬಿಸಿ ಕಳಿಸುವುದು. ಇಷ್ಟು ಮನಸ್ಸಿಗೆ ಬಂದರೆ ಹೇಗೆ ಉಜ್ಜಬೇಕು ಅನ್ನುವುದು ತಾನಾಗೇ ಹೊಳೆಯುತ್ತದೆ.

ಉಜ್ಜುವ ಸರಿಯಾದ ಕ್ರಮ

ಇವತ್ತು ದಂತವೈದ್ಯರು ಹೆಚ್ಚಾಗಿ ಹೇಳಿಕೊಡುವುದು 'ಬ್ಯಾಸ್' ವಿಧಾನ. ಅಮೆರಿಕದ ಚಾರ್ಲ್ಸ್ ಬ್ಯಾಸ್ ಅನ್ನುವವರು ಇದನ್ನು ವಿವರಿಸಿ 1954ರಲ್ಲಿ ಬರೆದರು. ಸ್ವಾರಸ್ಯವೆಂದರೆ ಅವರು ದಂತವೈದ್ಯರೇ ಅಲ್ಲ, ಸಾಮಾನ್ಯ ವೈದ್ಯಕೀಯದವರು! ಕನ್ನಡಿ ಮುಂದೆ ನಿಂತು ಒಂದೊಂದಾಗಿ ಮಾಡಿ ನೋಡಿ:

* ಬ್ರಷ್ 'ಸಾಫ್ಟ್' ಇರಲಿ, ತಲೆ ಚಿಕ್ಕದಿರಲಿ. 'ಹಾರ್ಡ್' ಬ್ರಷ್ ಪಾತ್ರೆಗೆ ಸರಿ, ಹಲ್ಲಿಗಲ್ಲ.

* ಪೇಸ್ಟ್ ಬಟಾಣಿ ಕಾಳಿನಷ್ಟು ಸಾಕು. ಟಿವಿ ಜಾಹೀರಾತಿನಲ್ಲಿ ಬ್ರಷ್ ತುಂಬ ಅಲೆಯಲೆಯಾಗಿ ಹಾಕುತ್ತಾರಲ್ಲ, ಅದು ಟ್ಯೂಬ್ ಬೇಗ ಖಾಲಿಯಾಗಲಿ ಅಂತ ಅಷ್ಟೇ!

* ಬ್ರಷ್ಷನ್ನು ಹಲ್ಲಿಗೆ ನೇರವಾಗಿ ಇಡಬೇಡಿ. ಹಲ್ಲು, ವಸಡು ಸೇರುವ ಗೆರೆಯ ಮೇಲೆ 45 ಡಿಗ್ರಿ ಓರೆಯಾಗಿಡಿ. ಮೇಲಿನ ಹಲ್ಲಿಗೆ ಎಳೆಗಳು ಮೇಲ್ಮುಖ, ಕೆಳಗಿನ ಹಲ್ಲಿಗೆ ಕೆಳಮುಖ. ಅರ್ಧ ಎಳೆಗಳು ಹಲ್ಲಿನ ಮೇಲೆ, ಅರ್ಧ ವಸಡಿನ ಮೇಲೆ ಇರಬೇಕು.

* ಇಟ್ಟ ಜಾಗದಲ್ಲೇ ಪುಟ್ಟ ಪುಟ್ಟದಾಗಿ ಹತ್ತು ಹದಿನೈದು ಸಲ ಅಲುಗಾಡಿಸಿ. ಗರಗಸ ಎಳೆದ ಹಾಗೆ ಉದ್ದುದ್ದ ಎಳೆಯಬೇಡಿ. ಆಮೇಲೆ ವಸಡಿನ ಕಡೆಯಿಂದ ಹಲ್ಲಿನ ತುದಿಯ ಕಡೆಗೆ ಒಮ್ಮೆ ಹೊರಳಿಸಿ ಬಿಡಿ. ಎರಡು ಮೂರು ಹಲ್ಲು ಆದ ಮೇಲೆ ಮುಂದಿನ ಜಾಗಕ್ಕೆ.

* ಹೊರಭಾಗ, ನಾಲಿಗೆಯ ಕಡೆಯ ಒಳಭಾಗ, ಆಮೇಲೆ ಅಗಿಯುವ ಭಾಗ. ಮುಂದಿನ ಹಲ್ಲುಗಳ ಒಳಭಾಗಕ್ಕೆ ಬ್ರಷ್ಷನ್ನು ಲಂಬವಾಗಿ ನಿಲ್ಲಿಸಿಕೊಳ್ಳಿ. ಕೆಳಗಿನ ಮುಂದಿನ ಹಲ್ಲುಗಳ ಹಿಂಬದಿಯಲ್ಲಿ ಕಿಟ್ಟ ಬೇಗ ಕಟ್ಟುತ್ತದೆ, ನಾವು ಮರೆಯುವುದೂ ಅದೇ ಜಾಗವನ್ನು.

* ಬಲಗೈಯವರಿಗೆ ಬಲಗಡೆಯ ದವಡೆ ಸ್ವಲ್ಪ ಕಷ್ಟ, ಕೈ ಅಲ್ಲಿಗೆ ಸಲೀಸಾಗಿ ತಿರುಗುವುದಿಲ್ಲ. ಅಲ್ಲಿಂದಲೇ ಶುರು ಮಾಡಿ.

* ಬಾಯಿಯನ್ನು ನಾಲ್ಕು ಪಾಲು ಮಾಡಿಕೊಳ್ಳಿ. ಪಾಲಿಗೆ ಅರ್ಧ ನಿಮಿಷ. ಲೆಕ್ಕ ಸರಿಹೋಯಿತಲ್ಲ, ಎರಡು ನಿಮಿಷ!

* ಕೊನೆಯಲ್ಲಿ ನಾಲಿಗೆ ಕೆರೆದುಕೊಳ್ಳಿ. ಆದರೆ ಓಕರಿಕೆ ಬರುವಷ್ಟು ಹಿಂದಕ್ಕೆ, ಅಕ್ಕಪಕ್ಕದ ಮನೆಗೆ ಕೇಳಿಸುವಷ್ಟು ಜೋರಾಗಿ ಬೇಡ.

ಇನ್ನೊಂದು ಮಾತು. ಉಜ್ಜಿದ ಮೇಲೆ ಚೊಂಬುಗಟ್ಟಲೆ ನೀರು ಹಾಕಿ ಹತ್ತು ಸಲ ಬಾಯಿ ಮುಕ್ಕಳಿಸುವ ಅಭ್ಯಾಸ ನಮ್ಮದು. ಪೇಸ್ಟಿನಲ್ಲಿರುವ ಫ್ಲೋರೈಡ್ ಹಲ್ಲಿನ ಮೇಲೆ ಸ್ವಲ್ಪ ಹೊತ್ತು ನಿಂತರೆ ತಾನೆ ಎನಾಮಲ್‌ಗೆ ಬಲ? ನೊರೆಯನ್ನು ಚೆನ್ನಾಗಿ ಉಗಿದುಬಿಡಿ. ಬೇಕೇಬೇಕು ಅನಿಸಿದರೆ ಒಂದು ಗುಟುಕು ನೀರು ಸಾಕು.

ಬ್ರಷ್ಷಿನ ಎಳೆಗಳು ಹಲ್ಲುಗಳ ಸಂದಿಗೆ ಪೂರ್ತಿ ಇಳಿಯುವುದಿಲ್ಲ. ಅದಕ್ಕೆ ಫ್ಲಾಸ್ ಅನ್ನುವ ದಾರ ಮೆಡಿಕಲ್ ಸ್ಟೋರ್‌ಗಳಲ್ಲಿ ಸಿಗುತ್ತದೆ. ಸಂದಿ ದೊಡ್ಡದಿದ್ದರೆ ಅದಕ್ಕೆಂದೇ ಇರುವ ಪುಟ್ಟ ಬ್ರಷ್ಷೂ ಇದೆ. ಸೇಫ್ಟಿ ಪಿನ್ನು, ಹೇರ್‌ಪಿನ್ನಿನಿಂದ ಮಾತ್ರ ಖಂಡಿತ ಕೆದಕಬೇಡಿ!

ರಾತ್ರಿಯದೇ ಮುಖ್ಯ

ದಿನಕ್ಕೆ ಒಂದೇ ಸಲ ಅಂತ ಹಟ ಹಿಡಿಯುವವರು ಮನೆಯಲ್ಲಿದ್ದರೆ ಅವರಿಗೆ ಹೇಳಿ, ಆ ಒಂದು ಸಲ ರಾತ್ರಿಯೇ ಆಗಲಿ ಅಂತ. ನಿದ್ದೆಯಲ್ಲಿ ಜೊಲ್ಲು ಬಹಳ ಕಡಿಮೆ ಸುರಿಯುತ್ತದೆ. ಹಲ್ಲನ್ನು ಕಾಯುವ ಕಾವಲುಗಾರನೇ ನಿದ್ದೆ ಹೋದ ಹಾಗೆ. ಊಟ ಮಾಡಿ, ಬಾಳೆಹಣ್ಣು ತಿಂದು, ಹಾಲು ಕುಡಿದು ಹಾಗೇ ಮಲಗಿದರೆ ಆರೇಳು ಗಂಟೆ ಬ್ಯಾಕ್ಟೀರಿಯಾಗಳಿಗೆ ಹಬ್ಬ.

ಶಿಫ್ಟ್‌ನ ಮನೆಗಳಲ್ಲಿ 'ರಾತ್ರಿ' ಅಂದರೆ ಯಾವಾಗ? ಗಡಿಯಾರದ ರಾತ್ರಿ ಅಲ್ಲ, ಮಲಗುವ ಮುಂಚೆ ಅಂತ ತಿಳಿಯಿರಿ. ಬೆಳಗಿನ ಜಾವ ನಾಲ್ಕಕ್ಕೆ ಕ್ಯಾಬ್ ಇಳಿದು ಬರುವವರಿಗೆ ಅದೇ 'ರಾತ್ರಿ'. "ಬೆಳಗ್ಗೆ ಎದ್ದು ಉಜ್ಜುತ್ತೀನಿ ಬಿಡೇ" ಅಂದರೆ ಬಿಡಬೇಡಿ. ಎದ್ದ ಮೇಲೆ ಇನ್ನೊಂದು ಸಲ ಉಜ್ಜಲಿ.

ಬೆಳಗ್ಗೆ ತಿಂಡಿಗೆ ಮುಂಚೆಯೋ ಆಮೇಲೋ ಅನ್ನುವ ಗೊಂದಲವೂ ಬೇಡ. ಎದ್ದ ಕೂಡಲೇ ಉಜ್ಜಿ ಕಾಫಿ ಕುಡಿಯುವ ನಮ್ಮ ಪದ್ಧತಿ ಚೆನ್ನಾಗೇ ಇದೆ. ತಿಂಡಿಯಾದ ಮೇಲೆ ನೀರಿನಲ್ಲಿ ಬಾಯಿ ಮುಕ್ಕಳಿಸಿದರಾಯ್ತು.

ಅವರವರ ಕೆಲಸ, ಅವರವರ ಹಲ್ಲು

ಯಜಮಾನರು, ಮಕ್ಕಳು ಏನು ಕೆಲಸ ಮಾಡುತ್ತಾರೆ ಅನ್ನುವುದು ಹಲ್ಲಿನಲ್ಲೂ ಕಾಣುತ್ತದೆ ಅಂದರೆ ನಂಬುತ್ತೀರಾ?

ಪೀಣ್ಯದಲ್ಲಿ ಎಲೆಕ್ಟ್ರೋಪ್ಲೇಟಿಂಗ್ ಮಾಡುವ ಸಣ್ಣಪುಟ್ಟ ಘಟಕಗಳು ಬಹಳ ಇವೆ. ಲೋಹವನ್ನು ಆಸಿಡ್ ತೊಟ್ಟಿಯಲ್ಲಿ ಅದ್ದಿ ತೆಗೆಯುವಾಗ ಹಬೆ ಏಳುತ್ತದೆ. ಮಾತಾಡಲು ಬಾಯಿ ತೆರೆದಾಗಲೆಲ್ಲ ಆ ಹಬೆ ಮುಂದಿನ ಹಲ್ಲಿಗೆ ತಗಲಿ ವರ್ಷಗಟ್ಟಲೆಯಲ್ಲಿ ಎನಾಮಲ್ ಸವೆಯುತ್ತದೆ. ಹಲ್ಲಿನ ತುದಿ ತೆಳ್ಳಗಾಗುತ್ತದೆ, ತಣ್ಣೀರು ತಗಲಿದರೆ ಜುಮ್ ಅನ್ನುತ್ತದೆ. ಮನೆಯವರು ಅಲ್ಲಿ ಕೆಲಸ ಮಾಡುತ್ತಿದ್ದರೆ ಮಾಸ್ಕ್ ತಪ್ಪಿಸದಿರಲಿ, ಆಗಾಗ ನೀರಿನಲ್ಲಿ ಬಾಯಿ ಮುಕ್ಕಳಿಸಲಿ. ಮನೆಗೆ ಬಂದ ತಕ್ಷಣ ಹಲ್ಲುಜ್ಜುವುದು ಬೇಡ. ಆಮ್ಲ ತಗಲಿ ಮೆತ್ತಗಾದ ಎನಾಮಲ್ ಬ್ರಷ್ಷಿಗೆ ಸವೆದುಹೋಗುತ್ತದೆ. ಒಂದು ಗಂಟೆ ತಡೆಯಲಿ.

ಗಾರ್ಮೆಂಟ್ಸಿಗೆ ಹೋಗುವ ಹೆಣ್ಣುಮಕ್ಕಳು, ಮನೆಯಲ್ಲೇ ಮಿಷನ್ ಇಟ್ಟುಕೊಂಡು ಬ್ಲೌಸ್ ಹೊಲಿಯುವವರು ದಾರವನ್ನು ಹಲ್ಲಲ್ಲೇ ಕಡಿಯುವುದುಂಟು, ಗುಂಡುಪಿನ್ನನ್ನು ಹಲ್ಲಲ್ಲೇ ಕಚ್ಚಿಕೊಳ್ಳುವುದುಂಟು. ಮುಂದಿನ ಹಲ್ಲಿನ ತುದಿಯಲ್ಲಿ ಚಿಕ್ಕ ಗಾಡಿಯೊಂದು ಬಿದ್ದಿದ್ದರೆ ಅದು ಈ ಅಭ್ಯಾಸದ ಗುರುತು. ಐದು ರೂಪಾಯಿ ಬೆಲೆಯ ಕೆಲಸಕ್ಕೆ ಹಲ್ಲನ್ನು ಕತ್ತರಿ ಮಾಡಿಕೊಳ್ಳಬೇಡಿ. ಪಕ್ಕದಲ್ಲೊಂದು ಪುಟ್ಟ ಕತ್ತರಿ ಇಟ್ಟುಕೊಳ್ಳಿ.

ಇನ್ನು ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಯ ಕಂಪ್ಯೂಟರ್ ಮಂದಿ. ಅವರ ಮೇಜಿನ ಮೇಲೆ ಸದಾ ಒಂದು ಕಪ್ಪು, ಇಲ್ಲವೇ ಕೋಲಾ ಬಾಟಲಿ. ಒಂದೇ ಸಲ ಕುಡಿದು ಮುಗಿಸಿದರೆ ಹಲ್ಲಿಗೆ ಒಂದು ಪೆಟ್ಟು. ಗುಟುಕು ಗುಟುಕಾಗಿ ಮೂರು ಗಂಟೆ ಎಳೆದರೆ ಮೂರು ಗಂಟೆಯೂ ಪೆಟ್ಟೇ! ಎಷ್ಟು ಸಕ್ಕರೆ ತಿಂದಿರಿ ಅನ್ನುವುದಕ್ಕಿಂತ ಎಷ್ಟು ಸಲ ತಿಂದಿರಿ ಅನ್ನುವುದು ಹಲ್ಲಿಗೆ ಮುಖ್ಯ. ಟಿಫಿನ್ ಬ್ಯಾಗಿಗೆ ಒಂದು ಬಾಟಲಿ ನೀರು, ಒಂದು ಹಿಡಿ ಕಡಲೆಕಾಯಿ ಹಾಕಿಕೊಡಿ. ಡೆಡ್‌ಲೈನ್ ಟೆನ್ಷನ್ನಿನಲ್ಲಿ ನಿದ್ದೆಯಲ್ಲಿ ಹಲ್ಲು ಕಡಿಯುವವರೂ ಇದ್ದಾರೆ. ಅವರಿಗೆ ಗೊತ್ತಾಗುವುದಿಲ್ಲ, ಪಕ್ಕದಲ್ಲಿ ಮಲಗಿದ ನಿಮಗೆ ಗೊತ್ತಾಗುತ್ತದೆ. ಬೆಳಗ್ಗೆ ದವಡೆ ನೋವು ಅಂದರೆ ದಂತವೈದ್ಯರಿಗೆ ತೋರಿಸಿ. ರಾತ್ರಿ ಹಾಕಿಕೊಳ್ಳುವ ಗಾರ್ಡ್ ಮಾಡಿಕೊಡುತ್ತಾರೆ.

ಮಕ್ಕಳ ಹಲ್ಲು: "ಹೇಗೂ ಬೀಳುತ್ತಲ್ಲ..."

ಹಾಲುಹಲ್ಲು ಹೇಗೂ ಬಿದ್ದುಹೋಗುತ್ತೆ, ಹುಳುಕಾದರೇನು ಅನ್ನುವವರೇ ಹೆಚ್ಚು. ಆದರೆ ಆ 20 ಹಾಲುಹಲ್ಲುಗಳು ಕೆಳಗಿನಿಂದ ಬರುವ ಹಲ್ಲಿಗೆ ಜಾಗ ಕಾಯ್ದಿಟ್ಟುಕೊಂಡು ಕೂತಿರುತ್ತವೆ. ಅವು ಮೊದಲೇ ಹೋದರೆ ಹಿಂದಿನವು ಸರಿದು ಜಾಗ ತುಂಬಿಬಿಡುತ್ತವೆ. ಹೊಸ ಹಲ್ಲು ಸೊಟ್ಟಗೆ ಹುಟ್ಟುತ್ತದೆ, ಮುಂದೆ ಕ್ಲಿಪ್ ಹಾಕಿಸುವ ಖರ್ಚು.

ಮೊದಲ ಹಲ್ಲು ಕಂಡ ದಿನದಿಂದಲೇ ಉಜ್ಜಲು ಶುರು ಮಾಡಿ. ಮೂರು ವರ್ಷದೊಳಗೆ ಪೇಸ್ಟ್ ಒಂದು ಅಕ್ಕಿಕಾಳಿನಷ್ಟು. ಮೂರರಿಂದ ಆರರವರೆಗೆ ಬಟಾಣಿಯಷ್ಟು. ನುಂಗದೆ ಉಗಿಯಲು ಕಲಿಸಿ. ಏಳೆಂಟು ವರ್ಷದವರೆಗೂ ಮಕ್ಕಳ ಕೈಗೆ ಅಷ್ಟು ಹಿಡಿತ ಬಂದಿರುವುದಿಲ್ಲ. ಮೊದಲು ಅವರೇ ಉಜ್ಜಿಕೊಳ್ಳಲಿ, ಆಮೇಲೆ ನೀವು ಹಿಂದೆ ನಿಂತು, ಮಗುವಿನ ತಲೆಯನ್ನು ನಿಮಗೆ ಒರಗಿಸಿಕೊಂಡು ಒಂದು ಕೈ ನೋಡಿ. ಜಡೆ ಹಾಕಿದ ಹಾಗೇ!

ಇಲ್ಲೊಂದು ಮಾತು ಕಿವಿಗೆ ಹಾಕಿಕೊಳ್ಳಿ. ಸುಮಾರು ಆರನೇ ವರ್ಷದಲ್ಲಿ ಹಾಲುಹಲ್ಲಿನ ಸಾಲಿನ ಹಿಂದೆ ಸದ್ದಿಲ್ಲದೆ ಒಂದೊಂದು ದವಡೆ ಹಲ್ಲು ಬರುತ್ತದೆ. ಯಾವ ಹಲ್ಲೂ ಬಿದ್ದಿರುವುದಿಲ್ಲ, ಅದಕ್ಕೇ ಅದು ಕಾಯಂ ಹಲ್ಲು ಅಂತ ಎಷ್ಟೋ ಅಮ್ಮಂದಿರಿಗೆ ಗೊತ್ತಾಗುವುದೇ ಇಲ್ಲ. ಹಾಲುಹಲ್ಲು ಅಂದುಕೊಂಡು ಹುಳುಕಾಗಲು ಬಿಟ್ಟರೆ ಅದಕ್ಕೆ ಬದಲಿ ಹಲ್ಲಿಲ್ಲ! ಇವತ್ತೇ ನಿಮ್ಮ ಒಂದನೇ ಕ್ಲಾಸಿನ ಮಗುವಿನ ಬಾಯಿ ತೆರೆಸಿ ಟಾರ್ಚ್ ಬಿಟ್ಟು ನೋಡಿ.

ಬಾಟಲಿ ಬಾಯಲ್ಲಿಟ್ಟುಕೊಂಡೇ ಮಲಗುವ ಮಗುವಿದ್ದರೆ ಆ ಅಭ್ಯಾಸ ಬಿಡಿಸಿ. ರಾತ್ರಿಯೆಲ್ಲ ಹಾಲು ಹಲ್ಲಿನ ಮೇಲೆ ನಿಂತರೆ ಮೇಲಿನ ಮುಂದಿನ ನಾಲ್ಕು ಹಲ್ಲು ಮೊದಲು ಹೋಗುತ್ತವೆ.

ಕಂದು ಹಲ್ಲು: ಅದು ಕೊಳೆಯಲ್ಲ

ಈ ಭಾಗಕ್ಕೆ ಕೆಲಸ ಹುಡುಕಿ ಬಂದವರಲ್ಲಿ ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಕಡೆಯವರು ಬಹಳ. ಅಲ್ಲಿನ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಹುಟ್ಟಿನಿಂದ ಸುಮಾರು ಎಂಟು ವರ್ಷದವರೆಗೆ, ಕಾಯಂ ಹಲ್ಲುಗಳು ವಸಡಿನೊಳಗೆ ತಯಾರಾಗುವ ಹೊತ್ತಿನಲ್ಲಿ, ಅಂಥ ನೀರು ಕುಡಿದರೆ ಎನಾಮಲ್ ಮೇಲೆ ಬಿಳಿ ಮಚ್ಚೆ, ಕಂದು ಪಟ್ಟೆ ಮೂಡುತ್ತದೆ. ಇದಕ್ಕೆ ಡೆಂಟಲ್ ಫ್ಲೋರೋಸಿಸ್ ಅಂತ ಹೆಸರು. ಎಷ್ಟೋ ಹೆಣ್ಣುಮಕ್ಕಳು ನಗುವಾಗ ಸೆರಗು ಅಡ್ಡ ಹಿಡಿಯುವುದು ಇದಕ್ಕೇ. "ಹಲ್ಲುಜ್ಜಲ್ವಾ?" ಅನ್ನುವ ಚುಚ್ಚುಮಾತು ಬೇರೆ.

ಅದು ಕೊಳೆಯಲ್ಲ, ಉಜ್ಜಿದರೆ ಹೋಗುವುದೂ ಇಲ್ಲ. ಇದ್ದಿಲು, ಉಪ್ಪು, ಇಟ್ಟಿಗೆಪುಡಿ ಹಾಕಿ ತಿಕ್ಕಿದರೆ ಇರುವ ಎನಾಮಲ್ಲೂ ಹೋಗುತ್ತದೆ. ಕಲೆ ಮರೆಮಾಡಲು ದಂತವೈದ್ಯರಲ್ಲಿ ಬೇರೆ ಬೇರೆ ಉಪಾಯಗಳಿವೆ. ಮಗಳ ಮದುವೆ ಮಾತುಕತೆಯವರೆಗೂ ಕಾಯದೆ ವಿಚಾರಿಸಿ. ಯಾರಾದರೂ ಚುಚ್ಚಿದರೆ ನೀವೇ ಮುಂದೆ ಬಂದು ಹೇಳಿ, "ಅದು ಊರ ನೀರಿನ ಗುರುತು, ಸೋಮಾರಿತನದ್ದಲ್ಲ" ಅಂತ.

ನಿಮ್ಮ ಮನೆಗೆ ಬರುವ ನೀರು ಯಾವುದು? 2007ರಲ್ಲಿ ಬೆಂಗಳೂರಿಗೆ ಸೇರಿದ 110 ಹಳ್ಳಿಗಳಿಗೆಂದು ಕಾವೇರಿ ಐದನೇ ಹಂತ ಅಕ್ಟೋಬರ್ 2024ರಲ್ಲಿ ಉದ್ಘಾಟನೆಯಾಯಿತು. ಆದರೂ ಬೋರ್‌ವೆಲ್, ಟ್ಯಾಂಕರ್ ನೀರನ್ನೇ ನಂಬಿದ ಮನೆಗಳು ಇದ್ದೇ ಇವೆ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ಗತಿಯೇ ಇಲ್ಲದಿದ್ದರೆ 1.5ರವರೆಗೆ ಅನ್ನುತ್ತದೆ ಭಾರತೀಯ ಮಾನಕ. ಚಿಕ್ಕ ಮಕ್ಕಳಿರುವ ಮನೆಯವರು ನೀರನ್ನು ಒಮ್ಮೆ ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಿ. ಅಪಾರ್ಟ್‌ಮೆಂಟ್ ಅಸೋಸಿಯೇಷನ್ ಮೀಟಿಂಗಿನಲ್ಲಿ ಕೇಳಿದರೆ ಖರ್ಚೂ ಹಂಚಿಹೋಗುತ್ತದೆ. ನೆನಪಿಡಿ, ಕುದಿಸಿದರೆ ಫ್ಲೋರೈಡ್ ಹೋಗದು. ಕ್ಯಾಂಡಲ್ ಫಿಲ್ಟರಿಗೂ ಬಗ್ಗದು. ಆರ್‌ಓ ಫಿಲ್ಟರಿನಲ್ಲಿ ಕಡಿಮೆಯಾಗುತ್ತದೆ.

ಹಾಗಾದರೆ ಫ್ಲೋರೈಡ್ ಪೇಸ್ಟ್ ಬೇಡವೇ? ಹಾಗಲ್ಲ. ಕುಡಿಯುವ ನೀರಿನಲ್ಲಿ ಹೊಟ್ಟೆಗೆ ಹೋಗುವುದೇ ಬೇರೆ, ಹಲ್ಲಿನ ಮೇಲೆ ಸವರಿ ಉಗಿಯುವುದೇ ಬೇರೆ. ನಮ್ಮ ದೇಶದ ಕಾನೂನಿನಂತೆ ಟೂತ್‌ಪೇಸ್ಟ್‌ನಲ್ಲಿ ಫ್ಲೋರೈಡ್ 1000 ಪಿಪಿಎಂ ಮೀರುವಂತಿಲ್ಲ, ಎಷ್ಟಿದೆ ಅಂತ ಟ್ಯೂಬಿನ ಮೇಲೆ ಬರೆದಿರಬೇಕು. ಓದಿ ಕೊಳ್ಳಿ. ನೀರಿನಲ್ಲೇ ಫ್ಲೋರೈಡ್ ಹೆಚ್ಚಿರುವ ಕಡೆ ಪುಟ್ಟ ಮಕ್ಕಳಿಗೆ ಯಾವ ಪೇಸ್ಟ್ ಅನ್ನುವುದನ್ನು ಮಾತ್ರ ದಂತವೈದ್ಯರನ್ನು ಕೇಳಿ ತೀರ್ಮಾನಿಸಿ.

ಅತ್ತೆ ಮಾವನ ಬಾಯಿ

"ನಮ್ಮ ಕಾಲದಲ್ಲಿ ಬೇವಿನಕಡ್ಡಿ, ಹಲ್ಲುಪುಡಿ ಅಷ್ಟೇ. ಯಾವ ಬ್ರಷ್ಷಿತ್ತು?" ಅನ್ನುತ್ತಾರೆ ಹಿರಿಯರು. ನಿಜವೇ. ಬಿ.ವಿ. ಪಂಡಿತರು 1913ರಲ್ಲಿ ನಂಜನಗೂಡಿನಲ್ಲಿ ಶುರು ಮಾಡಿದ ಸದ್ವೈದ್ಯಶಾಲೆಯ ಹಲ್ಲುಪುಡಿ ನಮ್ಮ ನಾಡಿನಲ್ಲಿ ಮನೆಮಾತಾಗಿತ್ತು. ಹಲ್ಲುಪುಡಿಯೇ ಇಷ್ಟ ಅಂದರೆ ಜಗಳ ಬೇಡ, ಆದರೆ ಬೆರಳಲ್ಲಿ ಉಜ್ಜುವ ಬದಲು ಮೆತ್ತಗಿನ ಬ್ರಷ್ಷಿಗೆ ಹಾಕಿಕೊಳ್ಳಲಿ. ಬೆರಳು ಸಂದಿಗೆ ಇಳಿಯದು. ತರಿತರಿಯಾದ ಪುಡಿ ಮಾತ್ರ ಬೇಡ. ತಂಬಾಕು ಬೆರೆತ ಹಲ್ಲುಪುಡಿ, ಪೇಸ್ಟುಗಳನ್ನು ಸರ್ಕಾರ 1992ರಲ್ಲೇ ನಿಷೇಧಿಸಿದೆ. ಹೆಸರಿಲ್ಲದ ಪೊಟ್ಟಣದಲ್ಲಿ ಮಾರುವುದನ್ನು ಕೊಳ್ಳಬೇಡಿ.

ಎಲೆ ಅಡಿಕೆಯ ಜೊತೆ ಕಡ್ಡಿಪುಡಿ ಹಾಕುವವರಿದ್ದರೆ ಇನ್ನೂ ಎಚ್ಚರ. ತಂಬಾಕಿಲ್ಲದ ಬರೀ ಅಡಿಕೆಯೂ ಕ್ಯಾನ್ಸರ್‌ಕಾರಕ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸಿದೆ. ಬಾಯಿ ಮೊದಲಿನಷ್ಟು ತೆರೆಯಲಾಗುತ್ತಿಲ್ಲ, ಖಾರ ತಗಲಿದರೆ ಉರಿ, ಎರಡು ವಾರವಾದರೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ... ಇವುಗಳಲ್ಲಿ ಯಾವುದು ಕಂಡರೂ ಮನೆಮದ್ದಿಗೆ ಕೂರಬೇಡಿ.

ಹಲ್ಲುಸೆಟ್ ಇರುವವರು ರಾತ್ರಿ ತೆಗೆದು, ಸೋಪು ನೀರಿನಲ್ಲಿ ಬ್ರಷ್ ಮಾಡಿ, ತಣ್ಣೀರಿನ ಲೋಟದಲ್ಲಿಡಲಿ. ಬಿಸಿನೀರು ಬೇಡ, ಸೆಟ್ ಸೊಟ್ಟಗಾಗುತ್ತದೆ. ಸೆಟ್ ಇಲ್ಲದ ಬಿಪಿಎಲ್ ಕುಟುಂಬದ ಹಿರಿಯರಿಗೆ ಉಚಿತವಾಗಿ ಮಾಡಿಸಿಕೊಡಲು ರಾಜ್ಯ ಸರ್ಕಾರ 'ದಂತಭಾಗ್ಯ' ಯೋಜನೆ ತಂದಿದೆ. ಸರ್ಕಾರಿ ಆಸ್ಪತ್ರೆಯಲ್ಲಿ ವಿಚಾರಿಸಿ.

ಮತ್ತೆ ನಿಮ್ಮದು?

ಎಲ್ಲರ ಹಲ್ಲಿನ ಮಾತಾಯಿತು. ನಿಮ್ಮ ದವಡೆ ಹಲ್ಲು ಎಷ್ಟು ತಿಂಗಳಿಂದ ನೋಯುತ್ತಿದೆ? ಎಡಗಡೆಯಲ್ಲಿ ಅಗಿದರೆ ನೋವು ಅಂತ ಬಲಗಡೆಯಲ್ಲೇ ಅಗಿಯುತ್ತಿದ್ದೀರಿ. "ಮಗಳ ಫೀಸ್ ಕಟ್ಟಿದ ಮೇಲೆ ನೋಡೋಣ" ಅಂತ ಲವಂಗ ಇಟ್ಟುಕೊಂಡು ದಿನ ತಳ್ಳುತ್ತಿದ್ದೀರಿ. ಹೌದು ತಾನೆ?

ಲವಂಗ ನೋವನ್ನು ಸ್ವಲ್ಪ ಹೊತ್ತು ಮರೆಸುತ್ತದೆ, ಹುಳುಕನ್ನು ನಿಲ್ಲಿಸದು. ಮೇಲ್ಪದರದಲ್ಲಿರುವ ಚಿಕ್ಕ ತೂತಿಗೆ ಒಂದು ಫಿಲ್ಲಿಂಗ್ ಸಾಕು. ಅದೇ ತೂತು ನರಕ್ಕೆ ಮುಟ್ಟಿದರೆ ರೂಟ್ ಕೆನಾಲ್, ಅದರ ಮೇಲೆ ಕ್ಯಾಪು. ಅದನ್ನೂ ಬಿಟ್ಟರೆ ಕೀಳಿಸಬೇಕು. ತಡಮಾಡಿದಷ್ಟೂ ಬಿಲ್ಲು ದೊಡ್ಡದು. ಉಳಿತಾಯ ಅಂತ ನೀವು ಮುಂದೂಡುತ್ತಿರುವುದು ನಿಜಕ್ಕೂ ದುಬಾರಿ ಲೆಕ್ಕ.

ಗರ್ಭಿಣಿಯರಿಗೆ ಹಾರ್ಮೋನುಗಳ ಏರುಪೇರಿನಿಂದ ವಸಡು ಬೇಗ ಊದಿ ರಕ್ತ ಬರುತ್ತದೆ. ಹೆದರಿ ಉಜ್ಜುವುದನ್ನು ನಿಲ್ಲಿಸಬೇಡಿ. ವಾಂತಿಯಾದ ತಕ್ಷಣ ಮಾತ್ರ ಬ್ರಷ್ ಬೇಡ. ಒಂದು ಲೋಟ ನೀರಿಗೆ ಚಿಟಿಕೆ ಅಡುಗೆ ಸೋಡಾ ಹಾಕಿ ಮುಕ್ಕಳಿಸಿ. ನಾಲ್ಕರಿಂದ ಆರನೇ ತಿಂಗಳು ಹಲ್ಲಿನ ಚಿಕಿತ್ಸೆಗೆ ಅನುಕೂಲದ ಕಾಲ. ಸಕ್ಕರೆ ಕಾಯಿಲೆ ಇದ್ದವರಿಗಂತೂ ಇದು ಎರಡು ಕಡೆಯ ಕಾಟ: ಸಕ್ಕರೆ ಹೆಚ್ಚಿದರೆ ವಸಡು ಕೆಡುತ್ತದೆ, ವಸಡು ಕೆಟ್ಟರೆ ಸಕ್ಕರೆ ಹತೋಟಿಗೆ ಬರದು.

ಎಲ್ಲಿ ತೋರಿಸುವುದು? ಪ್ರೈವೇಟ್ ಕ್ಲಿನಿಕ್ ದುಬಾರಿ ಅನಿಸಿದರೆ ದಂತ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗೆ ಹೋಗಿ. ವಿದ್ಯಾರ್ಥಿಗಳು ಹಿರಿಯ ಪ್ರಾಧ್ಯಾಪಕರ ಕಣ್ಣೆದುರಲ್ಲೇ ಚಿಕಿತ್ಸೆ ಮಾಡುತ್ತಾರೆ, ಸ್ವಲ್ಪ ಕಾಯಬೇಕು, ಖರ್ಚು ಕಡಿಮೆ. ವೈಟ್‌ಫೀಲ್ಡಿನವರಿಗೆ ವೈದೇಹಿ, ಹೊಸೂರು ರಸ್ತೆಯವರಿಗೆ ಬೊಮ್ಮನಹಳ್ಳಿಯ ಆಕ್ಸ್‌ಫರ್ಡ್ ದಂತ ಕಾಲೇಜು ಹತ್ತಿರ. 1958ರಿಂದ ಇರುವ ಸರ್ಕಾರಿ ದಂತ ಕಾಲೇಜು ಕೆ.ಆರ್. ಮಾರ್ಕೆಟ್ ಬಳಿ ವಿಕ್ಟೋರಿಯಾ ಆಸ್ಪತ್ರೆ ಆವರಣದಲ್ಲಿದೆ. ಪೀಣ್ಯದಿಂದ ಹಸಿರು ಮೆಟ್ರೋ ಹತ್ತಿದರೆ ನೇರ ಮಾರ್ಕೆಟ್ಟಿಗೇ ಇಳಿಯಬಹುದು. ವೈಟ್‌ಫೀಲ್ಡಿನವರು ಮೆಜೆಸ್ಟಿಕ್‌ನಲ್ಲಿ, ಆಗಸ್ಟ್ 2025ರಿಂದ ಓಡುತ್ತಿರುವ ಹಳದಿ ಮೆಟ್ರೋದಲ್ಲಿ ಬರುವ ಎಲೆಕ್ಟ್ರಾನಿಕ್ ಸಿಟಿಯವರು ಆರ್.ವಿ. ರಸ್ತೆಯಲ್ಲಿ ಗಾಡಿ ಬದಲಿಸಬೇಕು.

ಯಜಮಾನರ ಅಥವಾ ನಿಮ್ಮ ಸಂಬಳದಿಂದ ಇಎಸ್‌ಐ ಕಟ್ಟಾಗುತ್ತಿದೆಯೇ? 2017ರ ಜನವರಿಯಿಂದ ತಿಂಗಳಿಗೆ 21,000 ರೂಪಾಯಿವರೆಗಿನ ಸಂಬಳದವರು ಅದರೊಳಗೆ ಬರುತ್ತಾರೆ. ಅವಲಂಬಿತ ಕುಟುಂಬಕ್ಕೂ ಚಿಕಿತ್ಸೆಯ ಹಕ್ಕಿದೆ. ಪೀಣ್ಯ, ರಾಜಾಜಿನಗರದಲ್ಲಿ ಇಎಸ್‌ಐ ಆಸ್ಪತ್ರೆಗಳಿವೆ. ಕಾರ್ಡು ಬೀರುವಿನಲ್ಲಿ ಧೂಳು ತಿನ್ನುತ್ತಿದ್ದರೆ ಹೊರಗೆ ತೆಗೆಯಿರಿ!

ಹೀಗೂ ಅನ್ನುತ್ತಾರೆ... ನಂಬಬೇಡಿ!

"ಹಲ್ಲು ಕ್ಲೀನ್ ಮಾಡಿಸಿದರೆ ಸಡಿಲವಾಗುತ್ತೆ." ಇಲ್ಲ. ಒಳಗಿನ ಮೂಳೆ ಮೊದಲೇ ಕರಗಿರುತ್ತದೆ, ಕಿಟ್ಟ ಅಡ್ಡ ಹಿಡಿದುಕೊಂಡಿರುತ್ತದೆ. ಕಿಟ್ಟ ಹೋದಾಗ ನಿಜ ಸ್ಥಿತಿ ಗೊತ್ತಾಗುತ್ತದೆ ಅಷ್ಟೇ.

"ಮೇಲಿನ ಹಲ್ಲು ಕೀಳಿಸಿದರೆ ಕಣ್ಣು ಹೋಗುತ್ತೆ." ಹಲ್ಲಿನ ನರವೇ ಬೇರೆ, ನೋಟದ ನರವೇ ಬೇರೆ. ಸುಳ್ಳು.

"ಹುಳುಕು ಹಲ್ಲಿನಲ್ಲಿ ಹುಳ ಇರುತ್ತೆ." ಯಾವ ಹುಳವೂ ಇಲ್ಲ. ಹುಳ ತೆಗೆದು ತೋರಿಸುವವರು ನಿಮ್ಮ ಪರ್ಸಿನ ಹಣ ತೆಗೆಯುತ್ತಾರೆ.

"ರಕ್ತ ಬಂದರೆ ಆ ಜಾಗ ಉಜ್ಜಬಾರದು." ತದ್ವಿರುದ್ಧ. ಮೆತ್ತಗೆ, ಆದರೆ ತಪ್ಪದೆ ಉಜ್ಜಿ. ಎರಡು ವಾರದಲ್ಲಿ ನಿಲ್ಲದಿದ್ದರೆ ವೈದ್ಯರಲ್ಲಿಗೆ ನಡೆಯಿರಿ.

"ನೋಯುವ ಹಲ್ಲಿನ ಪಕ್ಕ ನೋವಿನ ಮಾತ್ರೆ ಇಟ್ಟುಕೊಂಡರೆ ಬೇಗ ಗುಣ." ಬೇಡವೇ ಬೇಡ. ವಸಡು ಸುಟ್ಟು ಬೆಳ್ಳಗಾಗಿ ಹುಣ್ಣಾಗುತ್ತದೆ.

"ಬೋರ್‌ವೆಲ್ ಗಡಸು ನೀರಿನಿಂದಲೇ ಹಲ್ಲಿಗೆ ಕಿಟ್ಟ." ಕಿಟ್ಟ ಕಟ್ಟಲು ಬೇಕಾದ ಸುಣ್ಣದಂಶ ನಮ್ಮ ಜೊಲ್ಲಿನಲ್ಲೇ ಇದೆ. ನೀರನ್ನು ಬೈದು ಫಲವಿಲ್ಲ, ಪ್ಲೇಕ್ ನಿಲ್ಲಲು ಬಿಡಬೇಡಿ.

ಫ್ರಿಜ್ಜಿನ ಮೇಲೆ ಅಂಟಿಸಿಡಿ

* ಮಲಗುವ ಮುಂಚೆ ತಪ್ಪದೆ, ಎದ್ದ ಮೇಲೆ ಮತ್ತೊಮ್ಮೆ. ಎರಡೆರಡು ನಿಮಿಷ.

* ಮೂರು ತಿಂಗಳಿಗೊಮ್ಮೆ ಹೊಸ ಬ್ರಷ್. ಎಳೆಗಳು ಬಿಚ್ಚಿಕೊಂಡರೆ ಅದಕ್ಕೂ ಮುಂಚೆ.

* ಒಬ್ಬರ ಬ್ರಷ್ ಇನ್ನೊಬ್ಬರಿಗಿಲ್ಲ, ಗಂಡ ಹೆಂಡತಿಯಾದರೂ ಸರಿ! ನಿಲ್ಲಿಸಿ ಒಣಗಲು ಬಿಡಿ.

* ಸಿಹಿ ತಿನ್ನುವುದಿದ್ದರೆ ಊಟದ ಜೊತೆಗೇ ತಿಂದು ಮುಗಿಸಿ, ಮಧ್ಯೆ ಮಧ್ಯೆ ಬೇಡ.

* ನಿಂಬೆರಸ, ಕೋಲಾ, ಹುಳಿ ಹಣ್ಣಿನ ನಂತರ ಒಂದು ಗಂಟೆ ಬಿಟ್ಟು ಬ್ರಷ್.

* ನೋವಿರಲಿ, ಇಲ್ಲದಿರಲಿ, ವರ್ಷಕ್ಕೊಮ್ಮೆಯಾದರೂ ದಂತವೈದ್ಯರಿಗೆ ಬಾಯಿ ತೋರಿಸಿ.

ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಅನ್ನುವ ಗಾದೆ ನಿಮಗೂ ಗೊತ್ತು. ಗೃಹಸಾಲ ತೀರಿ, ಮಕ್ಕಳು ಕೆಲಸಕ್ಕೆ ಸೇರಿ, ನೀವು ನಿಧಾನವಾಗಿ ಕೂತು ಕಡಲೆಪುರಿ ತಿನ್ನುವ ದಿನ ಬಂದೇ ಬರುತ್ತದೆ. ಅದಕ್ಕೆ ಬೇಕಾದ ಸಾಮಾನು ಒಂದು ಮೆತ್ತಗಿನ ಬ್ರಷ್ಷು, ಬಟಾಣಿಯಷ್ಟು ಪೇಸ್ಟು. ಇವತ್ತು ರಾತ್ರಿ ಅಡುಗೆಮನೆ ಲೈಟ್ ಆರಿಸಿದ ಮೇಲೆ ನೇರ ಹಾಸಿಗೆಗೆ ಹೋಗಬೇಡಿ. ಎರಡು ನಿಮಿಷ ಕನ್ನಡಿ ಮುಂದೆ ನಿಲ್ಲಿ, ಬಲಗಡೆಯ ದವಡೆಯಿಂದ ಶುರು ಮಾಡಿ.